ಹೈಡ್ರೋದಲ್ಲಿ ತೊಳೆದ ಕೈ

ಮೇಸ್ತ್ರಿಯ ಎರಡೂ ಕೈ ಮಣಿಕಟ್ಟಿನವರೆಗೆ ನೀಲಿ. ಇಪ್ಪತ್ತಾರು ವರ್ಷ ನೂಲಿನ ಲಡಿಗಳನ್ನು ಬಣ್ಣದ ತೊಟ್ಟಿಯಲ್ಲಿ ಅದ್ದಿ, ಹಿಂಡಿ, ಕೊಡವಿ, ಮತ್ತೆ ಅದ್ದಿ ಚರ್ಮದೊಳಗೇ ಬೇರುಬಿಟ್ಟ ನೀಲಿ ಅದು. ಉಗುರಿನ ಸಂದಿಯಲ್ಲಿ ಹೆಚ್ಚುಕಡಿಮೆ ಕಪ್ಪು, ಅಂಗೈಯ ಗೆರೆಗಳಲ್ಲಿ ಕಡುನೀಲಿ, ಮಣಿಕಟ್ಟಿನ ಹತ್ತಿರ ಬರುವಾಗ ತೆಳ್ಳಗಾಗಿ ನಿಂತುಹೋಗುತ್ತಿತ್ತು. ಕಾರ್ಖಾನೆಯಲ್ಲಿ ಉಳಿದವರೆಲ್ಲ ರಬ್ಬರ್ ಕೈಗವಸು ಹಾಕಿಕೊಂಡೇ ಕೆಲಸ ಮಾಡುತ್ತಿದ್ದರು. ಮೇಸ್ತ್ರಿ ಮಾತ್ರ, "ಕೈಗವಸು ಹಾಕ್ಕೊಂಡು ನೂಲು ಮುಟ್ಟೋದೂ ಒಂದೇ, ಕಂಬಳಿ ಹೊದ್ಕೊಂಡು ಸ್ನಾನ ಮಾಡೋದೂ ಒಂದೇ" ಎಂದು ಬರಿಗೈಯನ್ನೇ ಇಳಿಸುತ್ತಿದ್ದರು. ಈ ಕೈಯಿಂದ ಅವರಿಗೆ ಯಾವತ್ತೂ ತೊಂದರೆಯಾಗಿರಲಿಲ್ಲ. ಬಸ್ಸಿನಲ್ಲಿ ಯಾರೂ ಹತ್ತಿರ ಒತ್ತಿಕೊಂಡು ಕೂರುತ್ತಿರಲಿಲ್ಲ ಎಂಬುದು ಲಾಭವೇ ಆಗಿತ್ತು.

ತೊಂದರೆ ಬಂದದ್ದು ಮಗಳ ಮದುವೆಯ ಮಾತು ಬಂದಾಗ. ಮಗಳು ಹಲ್ಲಿನ ಆಸ್ಪತ್ರೆಯಲ್ಲಿ ಕಟ್ಟುಹಲ್ಲು ಮಾಡುವ ಕೆಲಸದಲ್ಲಿದ್ದಳು. ಎದುರಿನ ಕನ್ನಡಕದ ಅಂಗಡಿಯವರ ಮಗನನ್ನು ತಾನೇ ಮೆಚ್ಚಿಕೊಂಡಿದ್ದಳು. ಹಿಂದಿನ ವಾರ ಮೇಸ್ತ್ರಿಯ ಹೆಂಡತಿ ಅವಳ ಜೊತೆ ಆ ಮನೆಗೆ ಹೋಗಿ ಹತ್ತು ನಿಮಿಷ ಕೂತು ಬಂದಿದ್ದಳು. ಬಂದವಳು ಮೂರು ದಿನ ಸರಿಯಾಗಿ ಮಾತಾಡಲಿಲ್ಲ. ಗುರುವಾರ ಬಾಯಿ ಬಿಟ್ಟಳು.

"ರೀ, ಆ ಮನೇಲಿ ಗೋಡೆ ಬಿಳಿ. ಪರದೆ ಬಿಳಿ. ಸೋಫಾ ಬಿಳಿ. ಬೆಕ್ಕು ಸಾಕಿದ್ದಾರೆ, ಅದೂ ಬಿಳಿ. ಭಾನುವಾರ ನಾಲ್ಕು ಗಂಟೆಗೆ ನಾವು ಮೂರೂ ಜನ ಅಲ್ಲಿಗೆ ಹೋಗ್ಬೇಕು. ಈ ಕೈ ಇಟ್ಕೊಂಡು ಎಲ್ಲಿ ಕೂರ್ತೀರಾ?"

"ಕೂರೋದು ಕೈ ಮೇಲಲ್ಲವಲ್ಲ" ಅಂದರು ಮೇಸ್ತ್ರಿ.

ಹೆಂಡತಿಗೆ ನಗು ಬರಲಿಲ್ಲ. "ನಿಮ್ಮ ಮನೆಯವರು ಏನ್ ಮಾಡ್ತಾರೆ ಅಂತ ಅವರಜ್ಜಿ ಕೇಳಿದ್ರು. ಬಣ್ಣದಲ್ಲಿದ್ದಾರೆ ಅಂದೆ. ಓಹೋ ಅಂದ್ರು. ಅಷ್ಟಕ್ಕೇ ನಿಲ್ಲಿಸಿ ಬಂದಿದ್ದೀನಿ. ಈಗ ನೀವು ಹೋಗಿ ಬಣ್ಣ ಬಯಲು ಮಾಡ್ಬೇಡಿ."

ಅಂದು ಸಂಜೆಯಿಂದ ಮೇಸ್ತ್ರಿಯ ಕೈ ಹೆಂಡತಿಯ ಸ್ವತ್ತಾಯಿತು. ನಿಂಬೆಹಣ್ಣು ಉಜ್ಜಿದಳು. ಉಪ್ಪು ಉಜ್ಜಿದಳು. ಸೀಮೆಎಣ್ಣೆ, ಪಾತ್ರೆ ತಿಕ್ಕುವ ನಾರು, ಹಿಮ್ಮಡಿಗೆ ಉಜ್ಜುವ ಕಲ್ಲು, ಮಗಳು ಮುಖಕ್ಕೆ ಹಚ್ಚುವ ದುಬಾರಿ ಕ್ರೀಮು ಎಲ್ಲ ಆಯಿತು. ಶುಕ್ರವಾರ ರಾತ್ರಿಯ ಹೊತ್ತಿಗೆ ಕೈ ನಿಂಬೆಯ ವಾಸನೆ ಹೊಡೆಯುವ ನೀಲಿಯಾಗಿತ್ತು, ಅಷ್ಟೇ ವ್ಯತ್ಯಾಸ. ಹೆಂಡತಿ ಸೋತು ಗೋಡೆಗೆ ಒರಗಿ ಕೂತಳು. ಅವಳ ಕಣ್ಣಲ್ಲಿ ನೀರು ನೋಡಿದಾಗ ಮೇಸ್ತ್ರಿಗೆ ಪಿಚ್ಚೆನಿಸಿತು. ಇಪ್ಪತ್ತಾರು ವರ್ಷ ಆ ಕೈಗೆ ತುಟಿ ಪಿಟಕ್ಕೆನ್ನದೆ ಊಟ ಬಡಿಸಿದವಳು ಅವಳು.

"ಬಿಡು, ನಾನು ನೋಡ್ಕೋತೀನಿ" ಅಂದರು. "ಹೈಡ್ರೋ ಇದೆಯಲ್ಲ."

ಹೈಡ್ರೋ ಅಂದರೆ ಬಣ್ಣದ ಕಾರ್ಖಾನೆಯ ಜೀವ. ನೋಡಲು ಸಣ್ಣ ಉಪ್ಪಿನ ಹಾಗೆ ಬೆಳ್ಳಗಿನ ಪುಡಿ. ಮೂಗಿಗೆ ಮಾತ್ರ ಕೊಳೆತ ಮೊಟ್ಟೆ, ಸುಟ್ಟ ಬೆಂಕಿಕಡ್ಡಿ ಎರಡನ್ನೂ ಒಟ್ಟಿಗೆ ತಂದಿಟ್ಟ ಹಾಗೆ. ನೀಲಿ ಬಣ್ಣ ಇದ್ದ ಹಾಗೇ ನೀರಿನಲ್ಲಿ ಕರಗುವುದಿಲ್ಲ, ಎಷ್ಟು ಕಲಕಿದರೂ ಕೆಸರಿನಂತೆ ತಳಕ್ಕೆ ಕೂರುತ್ತದೆ. ತೊಟ್ಟಿಗೆ ಕಾಸ್ಟಿಕ್ ಸೋಡಾ ಹಾಕಿ, ಮೇಲೆ ಅಳೆದು ಹೈಡ್ರೋ ಹಾಕಿದರೆ ನೀಲಿಯೆಲ್ಲ ಮಾಯವಾಗಿ ನೀರು ಹಳದಿ ಹಸಿರಾಗಿ ತಿಳಿಯಾಗುತ್ತದೆ. ಆಗ ನೂಲು ಅದ್ದಬೇಕು. ಎತ್ತಿದಾಗ ನೂಲೂ ಹಳದಿಯೇ. ಗಾಳಿ ತಾಗುತ್ತಿದ್ದಂತೆ ಕಣ್ಣೆದುರೇ ಹಸಿರಾಗಿ, ಹಸಿರು ಹೋಗಿ ನೀಲಿಯಾಗಿ ನಿಲ್ಲುತ್ತದೆ. ಬಣ್ಣ ತಪ್ಪಿದ ನೂಲಿನಿಂದ ಬಣ್ಣ ಕೀಳಲಿಕ್ಕೂ ಅದೇ ಹೈಡ್ರೋ. ಕಾಗದದ ಕಾರ್ಖಾನೆಯವರು ತಿರುಳನ್ನು ಬೆಳ್ಳಗೆ ಮಾಡಲು ಇದನ್ನೇ ಒಯ್ಯುತ್ತಾರೆ. ಸಿಟ್ಟೂ ಅಷ್ಟೇ ಹೆಚ್ಚು. ಒಮ್ಮೆ ಯಾರೋ ಒದ್ದೆ ಚಮಚವನ್ನು ಡಬ್ಬಿಯೊಳಗೆ ಬಿಟ್ಟುಹೋಗಿ, ಅಷ್ಟು ತೇವಕ್ಕೇ ಪುಡಿ ಬಿಸಿಯೇರಿ ಹೊಗೆಯಾಡತೊಡಗಿತ್ತು. ಎಲ್ಲರೂ ಮೂಗು ಮುಚ್ಚಿಕೊಂಡು ಡಬ್ಬಿಯನ್ನು ಅಂಗಳಕ್ಕೆ ಉರುಳಿಸಿ ಓಡಿದ್ದರು.

ಮಗಳು ಶಾಲೆಯಲ್ಲಿ ಓದಿದ್ದನ್ನು ನೆನೆಸಿಕೊಂಡು, "ಅಪ್ಪಾ, ಅದು ಅಪಕರ್ಷಣಕಾರಿ. ಚರ್ಮಕ್ಕೆ ಒಳ್ಳೇದಲ್ಲ" ಅಂದಳು.

"ಏನಾದ್ರೂ ಕಾರಿ ಆಗಿರ್ಲಿ, ನನಗೆ ಇಪ್ಪತ್ತಾರು ವರ್ಷದ ಪರಿಚಯ" ಅಂದರು ಮೇಸ್ತ್ರಿ.

ನಿಜ ಹೇಳಬೇಕೆಂದರೆ ಇದರಲ್ಲಿರುವ ಮೋಸ ಅವರಿಗೆ ಚೆನ್ನಾಗಿ ಗೊತ್ತಿತ್ತು. ಹೈಡ್ರೋ ನೀಲಿಯನ್ನು ಕೊಲ್ಲುವುದಿಲ್ಲ, ಉಸಿರು ಕಟ್ಟಿಸಿ ಮಲಗಿಸುತ್ತದೆ. ಮಲಗಿರುವಾಗಲೇ ನೀರಿನಲ್ಲಿ ತೊಳೆದು ಹೊರಗೆ ಹಾಕಿದರೆ ಬಟ್ಟೆಯಿಂದ ಹೋಯಿತು ಅಂತ ಲೆಕ್ಕ. ಉಳಿದದ್ದು ಗಾಳಿ ಕಂಡ ಕೂಡಲೇ ಎದ್ದು ಕೂರುತ್ತದೆ. ಬಟ್ಟೆಯನ್ನಾದರೆ ಹತ್ತು ನೀರಿನಲ್ಲಿ ಜಾಲಿಸಬಹುದು. ಇಪ್ಪತ್ತಾರು ವರ್ಷದ ಚರ್ಮವನ್ನು ಎಷ್ಟು ನೀರಿನಲ್ಲಿ ಜಾಲಿಸುವುದು? ಆದರೂ ಅವರು ಒಂದು ಲೆಕ್ಕ ಹಾಕಿದರು. ಕೈಯನ್ನು ಹೈಡ್ರೋ ನೀರಿನಿಂದ ತೆಗೆದ ಕೂಡಲೇ ಒದ್ದೆಯಾಗಿಯೇ ರಬ್ಬರ್ ಕೈಗವಸಿನೊಳಗೆ ತೂರಿಸುವುದು. ಗಾಳಿಯಿಲ್ಲ, ಹೈಡ್ರೋ ಅಲ್ಲೇ ಇದೆ, ಬಣ್ಣ ಏಳುವುದಿಲ್ಲ. ಬೀಗರಾಗುವವರ ಬಾಗಿಲಲ್ಲಿ ಕೈಗವಸು ತೆಗೆದರೆ ಒಂದು ಟೀ ಕುಡಿಯುವಷ್ಟು ಹೊತ್ತು ಮರ್ಯಾದೆ ಉಳಿಯುತ್ತದೆ. ಆಮೇಲೆ ಜೇಬಿದೆ.

ಭಾನುವಾರ ಮಧ್ಯಾಹ್ನ ಬಚ್ಚಲಲ್ಲಿ ಅರ್ಧ ಬಕೆಟ್ ಉಗುರುಬೆಚ್ಚಗಿನ ನೀರಿಗೆ ಒಂದು ಹಿಡಿ ಸೋಡಾ, ಮೇಲೆ ಮೂರು ಚಮಚ ಹೈಡ್ರೋ ಹಾಕಿ ಕೈ ಇಳಿಸಿದರು. ಹೆಂಡತಿ ಮೂಗಿಗೆ ಬಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹತ್ತು ನಿಮಿಷ ಕಳೆದು ಎತ್ತಿದಾಗ ಅವಳ ಕೈಯಿಂದ ಬಟ್ಟೆ ಬಿದ್ದುಹೋಯಿತು. ನೀಲಿಯ ಸುಳಿವಿಲ್ಲ. ಸ್ವಲ್ಪ ಕಾಮಾಲೆಯಾದವರ ಕೈಯಂತೆ ಹಳದಿ, ಅಷ್ಟೇ.

"ಅಯ್ಯೋ, ನಿಮ್ಮ ಕೈ ಹೀಗಿತ್ತಾ!" ಅಂದಳು.

"ನೋಡ್ತಾ ನಿಲ್ಬೇಡ, ಕೈಗವಸು ಹಿಡಿ" ಎಂದು ಮೇಸ್ತ್ರಿ ಅವಸರಪಡಿಸಿದರು.

ಬಸ್ಸು ಕೈ ಕೊಟ್ಟಿತು. ಮುಕ್ಕಾಲು ಗಂಟೆ ಕಾದ ಮೇಲೆ ಬಂದದ್ದರಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಹೊಳೆಯುವ ಬೂಟು, ಮೇಲಿನ ಕಂಬಿ ಹಿಡಿದ ಎರಡು ಹಳದಿ ರಬ್ಬರ್ ಕೈ. ಪಕ್ಕದವನು ಕೆಳಗಿನಿಂದ ಮೇಲಿನವರೆಗೆ ನೋಡಿ, "ಆಪರೇಷನ್ನಿಗೆ ಹೊರಟ್ರಾ ಡಾಕ್ಟ್ರೇ?" ಎಂದು ವಿನಯದಿಂದ ಕೇಳಿದ. ಕೈಗವಸಿನೊಳಗಿನಿಂದ ಒಂದು ಹನಿ ಮಣಿಕಟ್ಟಿನಲ್ಲಿ ಇಳಿಯಿತು. ಅದರ ಹಿಂದೆಯೇ ವಾಸನೆಯೂ ಇಳಿಯಿತು. ಆಮೇಲೆ ಮೇಸ್ತ್ರಿಗೆ ನಿಲ್ಲಲು ಧಾರಾಳ ಜಾಗ ಸಿಕ್ಕಿತು. ಒಳಗೆ ಚರ್ಮ ತುರಿಸುತ್ತಿತ್ತು, ಕೆರೆದುಕೊಳ್ಳುವ ಹಾಗಿರಲಿಲ್ಲ.

ಬೀಗರಾಗುವವರ ಬಾಗಿಲಲ್ಲಿ ಕೈಗವಸು ಕಿತ್ತು ಹೆಂಡತಿಯ ಚೀಲಕ್ಕೆ ತುರುಕಿ, ಕರವಸ್ತ್ರದಲ್ಲಿ ಕೈ ಒರೆಸಿಕೊಂಡರು. ಕೈಯಲ್ಲಿ ಇನ್ನೂ ನೀಲಿ ಎದ್ದಿರಲಿಲ್ಲ. ಬಾಗಿಲು ತೆರೆಯಿತು. ಕನ್ನಡಕದವರು ಎತ್ತರದ ಮನುಷ್ಯ, ಮೂಗಿನ ತುದಿಯಲ್ಲಿ ತಮ್ಮದೇ ಅಂಗಡಿಯ ಕನ್ನಡಕ. "ಬನ್ನಿ ಬನ್ನಿ" ಎಂದು ಮೇಸ್ತ್ರಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿದರು. "ಕೈ ತುಂಬಾ ತಣ್ಣಗಿದೆಯಲ್ಲ?"

"ಬಸ್ಸಿನಲ್ಲಿ ಗಾಳಿ" ಅಂದಳು ಮೇಸ್ತ್ರಿಯ ಹೆಂಡತಿ.

ಮನೆ ಅವಳು ಹೇಳಿದ್ದಕ್ಕಿಂತ ಬಿಳಿಯಾಗಿತ್ತು. ಸೋಫಾಕ್ಕೆ ಹೊದಿಸಿದ ಬಟ್ಟೆಯ ಮೇಲೆ ಒಂದು ಸುಕ್ಕಿರಲಿಲ್ಲ. ಮೇಸ್ತ್ರಿ ಅಂಚಿನಲ್ಲಿ ಎರಡು ಬೆರಳಗಲದ ಜಾಗದಲ್ಲಿ ಕೂತರು. ಎದುರು ಅಜ್ಜಿ ಕೂತಿದ್ದರು. ಕಿವಿ ಮಂದ, ಕಣ್ಣು ಚುರುಕು. ಕನ್ನಡಕದವರ ಹೆಂಡತಿ ಟೀ ತಂದಿಟ್ಟರು. ಹುಡುಗ ಬಿಸ್ಕತ್ತಿನ ತಟ್ಟೆ ಹಿಡಿದು ಮೇಸ್ತ್ರಿಯ ಮುಂದೆಯೇ ನಿಂತುಬಿಟ್ಟ. ಕೈ ಚಾಚಲು ಹೆದರಿ ಮೇಸ್ತ್ರಿ ಬೇಡವೆಂದರು. ಅವನು ಇನ್ನಷ್ಟು ಒತ್ತಾಯ ಮಾಡಿದ.

ಅಜ್ಜಿ ಮುಂದೆ ಬಾಗಿದರು. "ನೀವು ಬಣ್ಣದವರಂತೆ?"

"ಹೌದಮ್ಮಾ" ಅಂದರು ಮೇಸ್ತ್ರಿ, ಹೆಂಡತಿಯ ಮುಖ ನೋಡುತ್ತ.

"ಎಷ್ಟು ವರ್ಷದಿಂದ ಬಣ್ಣ ಹಚ್ತಾ ಇದ್ದೀರಿ?"

"ಇಪ್ಪತ್ತಾರು."

"ರಾಜನ ಪಾತ್ರಾನೋ, ಹಾಸ್ಯದ್ದೋ?"

ಮೇಸ್ತ್ರಿಗೆ ಕಕ್ಕಾಬಿಕ್ಕಿಯಾಯಿತು. ತಾನು ನಾಟಕದವನಲ್ಲ ಎಂದು ಹೇಳಲು ಬಾಯಿ ತೆರೆದರು. ಹೆಂಡತಿ ಕಾಲು ತುಳಿದಳು. "ಎರಡೂ" ಎಂದು ಬಾಯಿಂದ ಬಂದುಹೋಯಿತು.

"ಹಾಗಾದ್ರೆ ರಾಜನ ಮಾತು ಒಂದಷ್ಟು ಹೇಳಿ, ಕೇಳೋಣ" ಎಂದು ಅಜ್ಜಿ ಕಿವಿಗೆ ಕೈ ಹಿಡಿದರು.

ಮೇಸ್ತ್ರಿಯನ್ನು ಬದುಕಿಸಿದ್ದು ಬೆಕ್ಕು. ಎಲ್ಲಿಂದಲೋ ನೆಗೆದು ಬಂದು ಮಡಿಲಲ್ಲಿ ಸುರುಳಿ ಸುತ್ತಿತು. ಹತ್ತಿಯ ಮೂಟೆಯಂಥ ಬೆಕ್ಕು. ಕೈಗೊಂದು ಕೆಲಸ ಸಿಕ್ಕಿತೆಂದು ಅವರು ಅದರ ಬೆನ್ನು ಸವರತೊಡಗಿದರು. ಕೈಯಿನ್ನೂ ಪೂರ್ತಿ ಒಣಗಿಲ್ಲ, ಚರ್ಮದಲ್ಲಿ ಮಲಗಿದ್ದ ಬಣ್ಣ ಬೆಕ್ಕಿನ ರೋಮಕ್ಕೆ ಇಳಿಯುತ್ತಿದೆ ಎಂಬುದು ಬಣ್ಣದ ಮೇಸ್ತ್ರಿಗೇ ಹೊಳೆಯಲಿಲ್ಲ. ರೋಮವೆಂದರೆ ಉಣ್ಣೆಯ ಜಾತಿ, ನೀಲಿಯನ್ನು ಆಸೆಯಿಂದ ಹೀರಿಕೊಳ್ಳುವಂಥದ್ದು.

"ಏನೋ ವಾಸನೆ" ಅಂದರು ಅಜ್ಜಿ, ಮಗನ ಕಡೆ ತಿರುಗಿ. "ಮೊಟ್ಟೆ ನಿನಗಾಗಲ್ಲ ಅಂತ ಎಷ್ಟು ಸಲ ಹೇಳ್ಬೇಕು?"

"ನಾನಲ್ಲಮ್ಮಾ" ಎಂದು ಕನ್ನಡಕದವರು ಕೆಂಪಗಾದರು.

ಐದು ನಿಮಿಷವಾಗಿರಬಹುದು. ಕನ್ನಡಕದವರು ಮಾತಿನ ನಡುವೆ ನಿಂತು ಬೆಕ್ಕನ್ನೇ ನೋಡತೊಡಗಿದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಮತ್ತೆ ನೋಡಿದರು. ಕತ್ತು ಒಂದು ಕಡೆ ವಾಲಿಸಿ ನೋಡಿದರು. ಕೊನೆಗೆ ಹೆಂಡತಿಯ ಕಿವಿಯಲ್ಲಿ, "ಲೇ, ಬೆಕ್ಕು ಯಾವ ಬಣ್ಣ ಕಾಣ್ತಿದೆ ನಿನಗೆ?" ಎಂದು ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು. ಮೂವತ್ತು ವರ್ಷ ಊರಿನ ಕಣ್ಣು ಪರೀಕ್ಷಿಸಿದವರಿಗೆ ತಮ್ಮ ಕಣ್ಣು ಹೋಯಿತೆಂಬ ಭಯ.

ಮೇಸ್ತ್ರಿ ಕೆಳಗೆ ನೋಡಿದರು. ಬೆಕ್ಕಿನ ಬೆನ್ನ ಮೇಲೆ ಹಸಿರು ಪಟ್ಟೆಗಳು ಮೂಡಿ, ಒಂದೊಂದಾಗಿ ನೀಲಿಗೆ ತಿರುಗುತ್ತಿದ್ದವು. ತಮ್ಮ ಬೆರಳ ತುದಿಗಳೂ ಹಸಿರಾಗಿದ್ದವು. ಎರಡೂ ಕೈಯನ್ನು ಸರಕ್ಕನೆ ಜೇಬಿಗೆ ಹಾಕಿಕೊಂಡರು.

ಅಲ್ಲಿಗೆ ಬಚಾವಾಗುತ್ತಿದ್ದರೋ ಏನೋ. ಬೆಕ್ಕಿನ ತಪ್ಪನ್ನು ಬೆಕ್ಕಿನ ಮೇಲೇ ಬಿಟ್ಟು, ಇನ್ನೊಂದು ಬಸ್ಸಿನ ನೆಪ ಹೇಳಿ ಏಳಬಹುದಿತ್ತು. ಆದರೆ ಕನ್ನಡಕದವರು ಮತ್ತೊಮ್ಮೆ ಕನ್ನಡಕ ಒರೆಸಲು ಹೋಗಿ ತಮ್ಮ ಅಂಗೈ ನೋಡಿಕೊಂಡರು. ಕೈ ಕುಲುಕಿದ ಅಂಗೈ. ಅದೂ ನೀಲಿಯಾಗುತ್ತಿತ್ತು. ಅವರ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ನಿಧಾನಕ್ಕೆ ಹಿಂದಕ್ಕೆ ಒರಗಿದರು.

"ಕೈ ನೀಲಿಯಾದ್ರೆ ಹೃದಯದ್ದು ಅಂತಾರೆ" ಅಂದರು ಕ್ಷೀಣವಾಗಿ. "ಡಾಕ್ಟ್ರಿಗೆ ಫೋನ್ ಮಾಡು. ಅಂಗಡಿ ಬೀಗದ ಕೈ ಕಪಾಟಿನ ಮೇಲಿದೆ."

ಅವರ ಹೆಂಡತಿ ಚೀರಿದರು. ಹುಡುಗ ತಟ್ಟೆ ಬಿಟ್ಟು ಓಡಿಬಂದ. ಅಜ್ಜಿ ಮಾತ್ರ, "ನಾನು ಹೇಳಿದೆನಲ್ಲ, ಮೊಟ್ಟೆ" ಅಂದರು.

ಮೇಸ್ತ್ರಿ ಎದ್ದು ನಿಂತರು, ಬೆಕ್ಕು ಮಡಿಲಿಂದ ಕೆಳಗೆ ಜಾರಿತು. ಹೆಂಡತಿ ಅಂಗಿ ಹಿಡಿದು ಜಗ್ಗಿದಳು. ಒಬ್ಬ ಆರೋಗ್ಯವಂತ ಮನುಷ್ಯ ತನ್ನಿಂದಾಗಿ ಸಾಯಲು ಸಿದ್ಧನಾಗುತ್ತಿರುವುದನ್ನು ನೋಡುತ್ತ ಕೂರಲು ಅವರಿಂದ ಆಗಲಿಲ್ಲ. ಜೇಬಿನಿಂದ ಎರಡೂ ಕೈ ತೆಗೆದು ಮುಂದೆ ಚಾಚಿದರು. ಅಷ್ಟರಲ್ಲಿ ಅವು ಎಂದಿನಂತೆ ಅಪ್ಪಟ ನೀಲಿಯಾಗಿದ್ದವು. ಜೇಬಿನ ಬಾಯಿಯೂ ನೀಲಿಯಾಗಿತ್ತು.

"ನಿಮ್ಮ ಹೃದಯ ಗಟ್ಟಿಯಾಗಿದೆ ಸಾರ್. ಅದು ನನ್ನ ಬಣ್ಣ. ನಾನು ನಾಟಕದವನಲ್ಲ, ನೂಲಿಗೆ ಬಣ್ಣ ಹಾಕೋನು. ನಿಮ್ಮೆದುರು ಬೆಳ್ಳಗಿರ್ಲಿ ಅಂತ ಹೈಡ್ರೋದಲ್ಲಿ ಕೈ ತೊಳ್ಕೊಂಡು ಬಂದೆ. ಬಸ್ಸು ಲೇಟಾಯ್ತು."

ನೆಲದ ಮೇಲಿದ್ದ ಬೆಕ್ಕು ಬೆನ್ನು ನೆಕ್ಕಿಕೊಳ್ಳಲು ಕತ್ತು ತಿರುಗಿಸಿತು.

"ನೆಕ್ಕೋಕೆ ಬಿಡ್ಬೇಡಿ!" ಎಂದು ಮೇಸ್ತ್ರಿ ಕೂಗಿಕೊಂಡರು. "ಹೈಡ್ರೋ ಹೊಟ್ಟೆಗೆ ಹೋಗ್ಬಾರ್ದು! ನೀರು, ನೀರು!"

ಕೂಗಿಗೆ ಬೆದರಿದ ಬೆಕ್ಕು ಸೋಫಾದ ಮೇಲೆ ನೆಗೆಯಿತು. ಮೇಸ್ತ್ರಿ ಒಂದು ಕಡೆಯಿಂದ, ಸಾವನ್ನು ಮುಂದಕ್ಕೆ ಹಾಕಿದ ಕನ್ನಡಕದವರು ಇನ್ನೊಂದು ಕಡೆಯಿಂದ ಅದರ ಮೇಲೆ ಬಿದ್ದರು. ಬೆಕ್ಕು ಹೊದಿಕೆಗೆ ಉಗುರು ಹಾಕಿ ಹಿಡಿಯಿತು. ಇಬ್ಬರೂ ಎಳೆದರು. ಬೆಕ್ಕಿನ ಜೊತೆ ಹೊದಿಕೆಯೂ ಬಂತು. ಕೆಳಗಿನ ಸೋಫಾ ಎಲ್ಲರ ಕಣ್ಣಿಗೆ ಬಿತ್ತು. ಬಟ್ಟೆಯೆಲ್ಲ ಚಿಂದಿ, ಒಳಗಿನ ನಾರು ಹೊರಗೆ, ಒಂದು ಸ್ಪ್ರಿಂಗು ತಲೆಯೆತ್ತಿ ನಿಂತಿತ್ತು.

ಕನ್ನಡಕದವರ ಹೆಂಡತಿ ಮುಖ ಮುಚ್ಚಿಕೊಂಡರು. "ಅದು ಹಾಸಿಗೆ ಬಟ್ಟೆ. ಹೋದ ಸಲ ನೀವು ಬಂದಾಗ ಸುಮ್ನೆ ಹೊದಿಸಿದ್ದೆ" ಅಂದರು ಬೆರಳ ಸಂದಿಯಿಂದ. "ನಿಮ್ಮ ಮನೆಯವರು ದೊಡ್ಡ ಕಲಾವಿದರು ಅಂತ ಅತ್ತೆ ಹೇಳಿದ್ರು. ಕಲಾವಿದರನ್ನ ಈ ಸೋಫಾ ಮೇಲೆ ಹೇಗೆ ಕೂರಿಸೋದು ಅಂತ ಇವತ್ತು ಬೆಳಗಿನಿಂದ ಕೂತು ಅಳತೆಗೆ ಹೊಲಿದೆ."

ಮೇಸ್ತ್ರಿಯ ಹೆಂಡತಿ ಅವರ ಪಕ್ಕಕ್ಕೆ ಹೋಗಿ ಕೂತಳು. ಮೊದಲು ಯಾರು ನಕ್ಕರೋ ತಿಳಿಯದು, ಇಬ್ಬರಿಗೂ ಕಣ್ಣಲ್ಲಿ ನೀರು ಬರುವಷ್ಟಾಯಿತು.

ಬಚ್ಚಲಲ್ಲಿ ನಗುವ ಪರಿಸ್ಥಿತಿ ಇರಲಿಲ್ಲ. ಮೇಸ್ತ್ರಿ ಬೆಕ್ಕಿನ ಕತ್ತು ಹಿಡಿದಿದ್ದರು, ಕನ್ನಡಕದವರು ಸೋಪು ಹಚ್ಚುತ್ತಿದ್ದರು. ನಾಲ್ಕು ಬಕೆಟ್ ನೀರು, ಹನ್ನೊಂದು ಪರಚು ಗಾಯ. ಕನ್ನಡಕ ಹನಿಗಳಿಂದ ಮಬ್ಬಾಗಿತ್ತು. ವಾಸನೆ ಪೂರ್ತಿ ಹೋಯಿತು, ನೀಲಿ ಹೋಗಲಿಲ್ಲ.

"ನಿಮ್ಮ ಆ ಹೈಡ್ರೋ ಹಾಕಿದ್ರೆ ಹೋಗಲ್ವಾ?" ಎಂದು ಕನ್ನಡಕದವರು ಕೇಳಿದರು.

"ಬಟ್ಟೆಗಾದ್ರೆ ಹಾಕ್ತಿದ್ದೆ. ಜೀವ ಇರೋ ಪ್ರಾಣಿಗೆ ಹಾಕಲ್ಲ. ನನ್ನ ಕೈ ನೋಡಿ, ಹೇಗೆ ಕೆಂಪಾಗಿ ಉರೀತಿದೆ." ನೀಲಿಯಡಿಯಲ್ಲಿ ಕೆಂಪು ಕಾಣುವುದು ಕಷ್ಟವಾಗಿತ್ತು. ಕನ್ನಡಕದವರು ಹತ್ತಿರ ಹಿಡಿದು, ತಿರುಗಿಸಿ, ಅಂಗಡಿಗೆ ಬಂದವರ ಕಣ್ಣು ನೋಡುವಷ್ಟೇ ಗಮನವಿಟ್ಟು ನೋಡಿದರು.

"ಇಷ್ಟು ಕಷ್ಟಪಡೋ ಬದಲು ಹೇಳ್ಬಹುದಿತ್ತಲ್ಲ?"

"ಮಗಳ ವಿಷಯ ಸಾರ್. ನಮ್ಮಿಂದ ಅವಳಿಗೆ ಕಡಿಮೆಯಾಗ್ಬಾರ್ದು ಅಂತ."

ಕನ್ನಡಕದವರು ಬೆಕ್ಕಿನ ಬಾಲಕ್ಕೆ ಮತ್ತೊಮ್ಮೆ ಸೋಪು ಹಚ್ಚಿದರು. "ಸಾರ್ ಬೇಡ, ಬೀಗರೇ ಅನ್ನಿ" ಅಂದರು. ಬೆಕ್ಕು ಅದೇ ಹೊತ್ತಿಗೆ ಅವರಿಗೆ ಹನ್ನೆರಡನೇ ಗಾಯ ಮಾಡಿತು.

ಇಬ್ಬರೂ ಟವಲಿನಲ್ಲಿ ಸುತ್ತಿದ ಬೆಕ್ಕಿನೊಂದಿಗೆ ಹೊರಗೆ ಬಂದಾಗ ಮಗಳು ಹಣೆ ಚಚ್ಚಿಕೊಳ್ಳುತ್ತ ನಿಂತಿದ್ದಳು. ಪಕ್ಕದಲ್ಲಿ ಹುಡುಗ ನಗು ತಡೆಯಲಾಗದೆ ಗೋಡೆಯ ಕಡೆ ತಿರುಗಿದ್ದ.

"ಅಪ್ಪಾ, ನಮ್ಮಪ್ಪನ ಕೈ ನೀಲಿ ಅಂತ ನಾನು ಇವರಿಗೆ ಮೊದಲ ದಿನಾನೇ ಹೇಳಿದ್ದೆ. ಆ ಕೈ ನೋಡ್ಬೇಕು ಅಂತಾನೇ ಇವರು ತಟ್ಟೆ ಹಿಡ್ಕೊಂಡು ನಿಮ್ಮ ಮುಂದೆ ಅಷ್ಟು ಹೊತ್ತು ನಿಂತಿದ್ದು."

"ಮೊದಲೇ ಹೇಳೋಕೇನಾಗಿತ್ತೇ ನಿಂಗೆ?" ಎಂದು ಅವಳ ತಾಯಿ ರೇಗಿದಳು.

"ನೀವು ಕೇಳಿದ್ರಾ? ಮೂರು ದಿನದಿಂದ ನಿಂಬೆಹಣ್ಣು ಹಿಂಡ್ತಾ ಇದ್ರಿ. ನನ್ನ ಕ್ರೀಮೂ ಖಾಲಿ ಮಾಡಿದ್ರಿ."

ಅಜ್ಜಿಗೆ ವಿಷಯವನ್ನು ಮೂರು ಸಲ ಜೋರಾಗಿ ಹೇಳಬೇಕಾಯಿತು. ಕೇಳಿಸಿಕೊಂಡ ಮೇಲೆ ಮೇಸ್ತ್ರಿಯನ್ನು ಹತ್ತಿರ ಕರೆದು, ಅಂಗೈ ಬಿಡಿಸಿ ಸವರಿ, ತಮ್ಮ ಬೆರಳಿಗೆ ಅಂಟಿತೋ ಎಂದು ನೋಡಿಕೊಂಡರು. "ನಾಟಕದವರಿಗಿಂತ ಇದು ವಾಸಿ. ಊರೂರು ಅಲೆಯೋದಿಲ್ಲ, ದಿನಾ ಮನೆ ಸೇರ್ತೀರಿ" ಅಂದರು.

ಮದುವೆ ಮೂರು ತಿಂಗಳಿಗೆ ಗೊತ್ತಾಯಿತು. ನೀಲಿ ಕಲೆಗಳು ಬಿದ್ದ ಆ ಹೊದಿಕೆಯನ್ನು ಮೇಸ್ತ್ರಿ ಕಾರ್ಖಾನೆಗೆ ಒಯ್ದರು. ಕನ್ನಡಕದವರೂ ಅಂಗಡಿ ಮುಚ್ಚಿ ಜೊತೆಗೆ ಹೋದರು. ಬಿಸಿನೀರು, ಕಾಸ್ಟಿಕ್, ಹೈಡ್ರೋ ಅಳೆದು ಹಾಕಿ ಮುಚ್ಚಳ ಮುಚ್ಚಿ, ನೀಲಿ ಪೂರ್ತಿ ಹಳದಿಯಾದ ಕೂಡಲೇ ಬಣ್ಣ ಮತ್ತೆ ಏಳಲು ಬಿಡದೆ ಬಟ್ಟೆಯನ್ನು ಒಂದರ ಮೇಲೊಂದು ನೀರಿನಲ್ಲಿ ಜಾಲಿಸಿದರು. ಹೊದಿಕೆ ಬೆಳ್ಳಗೆ ಬಂತು, ಬೆಳ್ಳಗೇ ಉಳಿಯಿತು. ಕನ್ನಡಕದವರು ಮಾತ್ರ ಅತ್ತ ನೋಡಲೇ ಇಲ್ಲ. ಪಕ್ಕದ ತೊಟ್ಟಿಯಲ್ಲಿ ನೂಲಿನ ಲಡಿ ಹಳದಿಯಾಗಿ ಮೇಲೆದ್ದು ಗಾಳಿಯಲ್ಲಿ ನೀಲಿಯಾಗುವುದನ್ನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಏಳು ಲಡಿ ಮುಗಿಯುವವರೆಗೂ ಅಲ್ಲಿಂದ ಕದಲಲಿಲ್ಲ.

ಬೆಕ್ಕಿನ ಹಳೆಯ ರೋಮ ಉದುರಲು ಇನ್ನೂ ಸಮಯವಿತ್ತು. ಅದನ್ನು ನೋಡಲು ಅಕ್ಕಪಕ್ಕದವರು ನೆಪ ಮಾಡಿಕೊಂಡು ಬರತೊಡಗಿದರು. ಬಂದವರೆಲ್ಲ ಸೋಫಾವನ್ನೂ ನೋಡಿ ಹೋಗುತ್ತಿದ್ದರು. ಹದಿನೈದು ದಿನ ಕಳೆದ ಮೇಲೆ ಬೀಗಿತ್ತಿ ಫೋನ್ ಮಾಡಿದರು.

"ಅಣ್ಣಾ, ಸೋಫಾಗೆ ಹೊಸ ಬಟ್ಟೆ ಹಾಕಿಸ್ತಿದ್ದೀವಿ. ಬಿಳಿ ಸಾಕಾಯ್ತು. ಬೆಕ್ಕಿನ ಬೆನ್ನ ಮೇಲಿದೆಯಲ್ಲ, ಅದೇ ಬಣ್ಣ ಬರುತ್ತಾ?"

ಮೇಸ್ತ್ರಿ ಕಣ್ಣು ಮುಚ್ಚಿ ಬೆಕ್ಕಿನ ಬೆನ್ನನ್ನು ನೆನಪಿಗೆ ತಂದುಕೊಂಡರು. "ನೋಡೋಕೆ ಅದು ಒಂದೇ ಅದ್ದಿನ ನೀಲಿ ಅಮ್ಮಾ" ಅಂದರು, ಬಲು ಗಂಭೀರವಾಗಿ. "ಆದ್ರೆ ಅದು ಉಣ್ಣೆ ಜಾತಿ, ನಿಮ್ಮ ಸೋಫಾ ಬಟ್ಟೆ ಹತ್ತಿ. ಹತ್ತಿ ಅಷ್ಟು ಸುಲಭಕ್ಕೆ ಕುಡಿಯಲ್ಲ, ಮೂರು ಸಲ ಅದ್ದಬೇಕಾಗುತ್ತೆ. ಸುಮ್ನೆ ನೆನಪಿನ ಮೇಲೆ ಬಣ್ಣ ಹಾಕೋದು ಬೇಡ, ಭಾನುವಾರ ನಾನೇ ಬಂದು ಬೆಳಕಲ್ಲಿ ಒಂದ್ಸಲ ನೋಡ್ತೀನಿ. ಬೆಕ್ಕನ್ನ ಮನೇಲೇ ಇರಿಸ್ಕೊಳ್ಳಿ."